ಅಂಜಿನಮ್ಮ ಹಿಡಿದ ಲಾಠಿ

ಪೊಲೀಸರು ಬೀಸಿದ ಲಾಠಿಯನ್ನು ಕೈಯಲ್ಲಿ ಹಿಡಿದುಕೊಳ್ಳಬಹುದೇ ಎಂದು ನಮ್ಮ ಕಡೆ ಯಾರನ್ನಾದರೂ ಕೇಳಿ ನೋಡಿ. ಚೌಳಹಿರಿಯೂರಿನ ಬಸ್ ಸ್ಟಾಪಿನಲ್ಲಿ ನನ್ನ ಪಂಕ್ಚರ್ ಅಂಗಡಿ ಇದೆ, ಅಲ್ಲಿಗೆ ಬರುವವರನ್ನೆಲ್ಲ ನಾನು ಕೇಳಿದ್ದೇನೆ. ಅರ್ಧ ಜನ ನಕ್ಕರು. ಉಳಿದವರು ಅತ್ತಿತ್ತ ನೋಡಿ, ಹಿಂದಿನ ಟೈರಿಗೆ ಗಾಳಿ ಎಷ್ಟಿದೆ ನೋಡಪ್ಪ ಎಂದು ಮಾತು ತಿರುಗಿಸಿದರು. ಹಿಡಿದವಳು ಒಬ್ಬಳಿದ್ದಾಳೆ. ನನ್ನ ದೊಡ್ಡಪ್ಪನ ಮಗ ಈರಪ್ಪನ ಹೆಂಡತಿ, ನನಗೆ ಅತ್ತಿಗೆ, ಹೆಸರು ಅಂಜಿನಮ್ಮ. ಕುರಿ ಕಾಯುವ ಹೆಂಗಸು. ಅವಳ ವಿಚಾರ ಬರೆಯುತ್ತೇನೆ. ಓದಿದವರು ಬರೆದಿದ್ದರೆ ನಯವಾಗಿ ಬರೆಯುತ್ತಿದ್ದರು. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು, ಈ ವಿಷಯಕ್ಕೆ ನಯ ಬೇಕಾಗಿಯೂ ಇಲ್ಲ.

ಅತ್ತಿಗೆಯ ತವರು ಪಂಚನಹಳ್ಳಿ ಕಡೆಯ ಒಂದು ಹಟ್ಟಿ. ಅವಳಪ್ಪನೂ ಕುರಿಯವನೇ. ಮದುವೆಯಲ್ಲಿ ಬಂಗಾರ ಹಾಕುವ ಶಕ್ತಿ ಅವನಿಗಿರಲಿಲ್ಲ, ತನ್ನ ಹಿಂಡಿನಿಂದ ಒಂದಿಷ್ಟು ಹೆಣ್ಣು ಕುರಿ ಆರಿಸಿ ಮಗಳ ಹಿಂದೆ ಅಟ್ಟಿಸಿ ಕಳಿಸಿದ. ಕುರಿ ಸಾಕುವ ಪ್ರತಿ ಮನೆಗೂ ಒಂದು ಕಿವಿ ಗುರುತು ಇರುತ್ತದೆ. ನಮ್ಮ ಮನೆಯದು ಬಲಗಿವಿಯ ತುದಿಗೆ ಚಾಕುವಿನಿಂದ ಕೊಯ್ದ ಒಂದು ಕಚ್ಚು. ಅವಳ ತವರಿನದು ಎಡಗಿವಿಯ ಹಿಂಬದಿಗೆ ಜೋಡಿ ಕಚ್ಚು. ಮಗಳ ಜೊತೆ ಬಂದ ಕುರಿಗೆ ಗಂಡನ ಮನೆಯವರು ತಮ್ಮ ಗುರುತು ಹಾಕುವಂತಿಲ್ಲ, ಅದು ಹಾಕಿದ ಮರಿಗೂ ತವರಿನ ಗುರುತೇ. ಆ ಸಾಲು ಹೆಂಗಸಿನದು. ಗಂಡ ಅದರಲ್ಲಿ ಒಂದನ್ನು ಮಾರಬೇಕಾದರೂ ಹೆಂಡತಿಯ ಬಾಯಿಂದ ಹೂಂ ಬರಬೇಕು. ಹೀಗಾಗಿ ಈರಪ್ಪನ ಹಿಂಡಿನಲ್ಲಿ ಯಾವಾಗಲೂ ಎರಡು ತರದ ಕಿವಿ. ನಮ್ಮವರಿಗೆ ಇದು ಬಿಸಿಲು ಬಿದ್ದಷ್ಟು ಸಹಜ, ಯಾರೂ ಯಾರಿಗೂ ಬಿಡಿಸಿ ಹೇಳುವುದಿಲ್ಲ.

ಅತ್ತಿಗೆಗೆ ಮಾತು ಕಡಿಮೆ. ಕುರಿಗಳ ಜೊತೆ ಆಡುವಷ್ಟೂ ಮನುಷ್ಯರ ಜೊತೆ ಆಡುವುದಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದು ಅವಳಿಗೆ ತಮಾಷೆ. ನಾನು ಅವರ ಮನೆಗೆ ಹೋದರೆ ನೀರು ಕೊಡುವ ಮೊದಲು ಕೇಳುತ್ತಾಳೆ: "ಏನ್ ಮೈದ್ನ, ಇವತ್ತು ಯಾರ ಮೇಲೆ?"

ಎರಡು ವರ್ಷದ ಹಿಂದೆ ಅವಳ ತಮ್ಮ ಕುರಿ ಸಾಕಿ ಸಾಕಾಯಿತೆಂದು ತವರಿನ ಹಿಂಡನ್ನು ತಿಪ್ಪೇಶ ಎಂಬ ಕುರಿ ವ್ಯಾಪಾರಿಗೆ ಪೂರ್ತಿ ಮಾರಿದ. ತಿಪ್ಪೇಶ ಅದೇ ಕಿವಿ ಗುರುತನ್ನು ಮುಂದುವರಿಸಿದ. ಕೆಲವು ತಿಂಗಳಲ್ಲಿ ಅವನ ರೊಪ್ಪದಿಂದ ಕುರಿ ಕಳುವಾದವು. ಅವನು ಬೈಕಿನಲ್ಲಿ ಅಜ್ಜಂಪುರದ ರಸ್ತೆಯಲ್ಲಿ ಹೋಗುವಾಗ ಈರಪ್ಪನ ಹಿಂಡು ಎದುರಾಯಿತು, ಎಡಗಿವಿಯ ಜೋಡಿ ಕಚ್ಚು ಕಣ್ಣಿಗೆ ಬಿತ್ತು. ನೇರ ಹೋಗಿ ದೂರು ಕೊಟ್ಟ. ತಿಪ್ಪೇಶ ಕೆಟ್ಟವನಲ್ಲ. ಆ ಹಿಂಡಿನ ಹೆಣ್ಣು ಸಾಲೊಂದು ಬೇರೆ ಮನೆ ಸೇರಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಪೊಲೀಸರು ಅತ್ತಿಗೆಯ ತಮ್ಮನಿಗೆ ಒಂದು ಫೋನು ಮಾಡಿದ್ದರೆ ವಿಚಾರ ಅಲ್ಲೇ ಮುಗಿಯುತ್ತಿತ್ತು. ಮಾಡಲಿಲ್ಲ.

ಅವತ್ತು ಹಿಂಡು ಇದ್ದದ್ದು ಅಜ್ಜಂಪುರದ ಹತ್ತಿರ ಹನುಮಂತಯ್ಯ ಎನ್ನುವ ಹಿರಿಯರ ತೆಂಗಿನ ತೋಟದಲ್ಲಿ. ರಾತ್ರಿ ಕುರಿ ಮಲಗಿದರೆ ಮರಕ್ಕೆ ಗೊಬ್ಬರ. ಹಾಗೆ ತೋಟದಿಂದ ತೋಟಕ್ಕೆ ಮಂದೆ ಹಾಕುತ್ತ ಹೋಗುವುದೇ ಗಂಡ ಹೆಂಡತಿಯ ಜೀವನ. ಬೆಳಿಗ್ಗೆ ಈರಪ್ಪ ಕುರಿಗಳ ಸುತ್ತ ಕಟ್ಟಿದ್ದ ಬಲೆ ಬಿಚ್ಚುತ್ತಿದ್ದ. ಅತ್ತಿಗೆ ಬೋರ್‌ವೆಲ್ ಹತ್ತಿರ ನೀರು ಹಿಡಿಯುತ್ತಿದ್ದಳು. ಜೀಪು ಬಂತು. ಯಾವ ಠಾಣೆಯದು ಎಂದು ನಾನು ಬರೆಯುವುದಿಲ್ಲ. ಇಳಿದವರು ಒಬ್ಬ ಹೆಡ್ ಕಾನ್‌ಸ್ಟೇಬಲ್, ಇನ್ನೊಬ್ಬ ಚಿಕ್ಕ ವಯಸ್ಸಿನ ಕಾನ್‌ಸ್ಟೇಬಲ್. ಹನುಮಂತಯ್ಯನವರು ಪಂಪ್‌ಸೆಟ್ ಮನೆಯ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ನೋಡಿದ್ದಾರೆ. ನಾನು ಅಲ್ಲಿರಲಿಲ್ಲ. ಅವರೂ ಅತ್ತಿಗೆಯೂ ಹೇಳಿದ್ದನ್ನೇ ಬರೆಯುತ್ತಿದ್ದೇನೆ.

"ಯಾರವೋ ಈ ಕುರಿ?" ಎಂದ ಕಾನ್‌ಸ್ಟೇಬಲ್.

"ನಮ್ಮವೇ ಸ್ವಾಮಿ."

"ಎರಡು ತರ ಕಿವಿ ಐತಲ್ಲೋ."

"ಅವು ನಮ್ಮನೆಯೋಳವು ಸ್ವಾಮಿ. ಅವಳ ತವ್ರಿಂದ ಬಂದಿರೋವು."

"ಓಹೋ. ಕುರಿಗೂ ತವ್ರುಮನೆ ಐತೆ. ಹಬ್ಬಕ್ಕೆ ಹೋಗಿ ಬತ್ತಾವೇನೋ? ಹತ್ತು ಜೀಪು."

ಯಾಕೆ, ಏನು ಎಂದು ಒಂದು ಮಾತಿಲ್ಲ. ಈರಪ್ಪ ಹತ್ತುವುದಿಲ್ಲ ಎನ್ನಲಿಲ್ಲ. ಇಲ್ಲ ಎನ್ನುವ ಮಾತು ಅವನ ಬಾಯಿಗೇ ಬರುವುದಿಲ್ಲ, ಅಷ್ಟು ಪುಕ್ಕಲ. ಆದರೆ ಕುರಿಯವನು ಹಿಂಡನ್ನು ಹಾಗೇ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಹೆತ್ತವರು ಸತ್ತ ಸುದ್ದಿ ಬಂದರೂ ಇನ್ನೊಬ್ಬರ ಕೈಗೆ ಒಪ್ಪಿಸಿಯೇ ಹೋಗುವುದು. "ಕುರಿ ಒಪ್ಪಿಸ್ಬುಟ್ಟು ಬತ್ತೀನಿ ಸ್ವಾಮಿ" ಎಂದು ಅವನು ಬೋರ್‌ವೆಲ್ ಕಡೆ ತಿರುಗಿ ಜೋರಾಗಿ ನಾಲ್ಕು ಹೆಜ್ಜೆ ಹಾಕಿದ. ಕಾನ್‌ಸ್ಟೇಬಲ್‌ಗೆ ಅದು ಓಟವಾಗಿ ಕಂಡಿತು. ಮೊದಲನೇ ಏಟು ಮೀನಖಂಡಕ್ಕೆ. ಎರಡನೆಯದು ತಲೆಗೆ. ಈರಪ್ಪ ಮೊಣಕಾಲೂರಿ ಕೂತ, ಕಿವಿಯ ಹಿಂದಿನಿಂದ ರಕ್ತ ಅಂಗಿಗಿಳಿಯಿತು. ಮೂರನೆಯದಕ್ಕೆ ಲಾಠಿ ಎತ್ತಿದಾಗ ಅದು ಕೆಳಗೆ ಬರಲಿಲ್ಲ. ಬೋರ್‌ವೆಲ್ ಕಡೆಯಿಂದ ಓಡಿಬಂದ ಅಂಜಿನಮ್ಮ ಅದನ್ನು ಹಿಂದಿನಿಂದ ಎರಡೂ ಕೈಯಲ್ಲಿ ಹಿಡಿದಿದ್ದಳು.

"ಬಿಡಮ್ಮ."

"ಹೊಡಿಯಲ್ಲ ಅನ್ನು, ಬುಡ್ತೀನಿ."

"ಪೊಲೀಸ್ ಮೇಲೆ ಕೈ ಮಾಡ್ತೀಯಾ?"

"ನಿನ್ ಮೇಲೆ ಇಲ್ಲ ಕಣಪ್ಪ ಕೈ. ಕೋಲಿನ ಮೇಲೈತೆ."

ಅವನು ಎಳೆದ. ಟಗರನ್ನು ಕೊಂಬು ಹಿಡಿದು ನಿಲ್ಲಿಸುವ ಕೈ ಅವು, ಬರಲಿಲ್ಲ. ಕೊನೆಗೆ ಅವನೇ ಎಡವಿದ, ಲಾಠಿ ಪೂರ್ತಿ ಅವಳ ಕೈಗೆ ಬಂತು. ಆಗ ಅವಳು ಏನು ಬೇಕಾದರೂ ಮಾಡಬಹುದಿತ್ತು. ಅದನ್ನು ಅಡ್ಡಡ್ಡಲಾಗಿ ಹಿಡಿದು ಗಂಡನ ಮುಂದೆ ನಿಂತಳು.

"ಕರ್ಕಂಡ್ ಹೋಗ್ರಿ. ಕೇಸು ಹಾಕ್ರಿ. ನಾನೇ ಜೀಪಿಗೆ ಹತ್ತುಸ್ತೀನಿ ಅವನ್ನ. ತಲೆಗೆ ಹೊಡಿಯಂಗಿಲ್ಲ."

ಹೆಡ್ ಕಾನ್‌ಸ್ಟೇಬಲ್ ರಕ್ತ ನೋಡಿ ಬೆವರಿದ್ದ. "ಹೊಡಿಯಲ್ಲ, ಕೊಡಮ್ಮ" ಎಂದ. ಅವಳು ಲಾಠಿ ಕೊಟ್ಟಳು, ತನ್ನ ಸೆರಗಿನ ತುದಿ ಹರಿದು ಗಂಡನ ತಲೆಗೆ ಸುತ್ತಿದಳು, ಹೇಳಿದಂತೆ ಅವನ ರಟ್ಟೆ ಹಿಡಿದು ಜೀಪಿಗೆ ಹತ್ತಿಸಿದಳು. "ಮೊದ್ಲು ಆಸ್ಪತ್ರೆಗೆ" ಎಂದಳು.

ಮಾರನೆಯ ದಿನ ಅತ್ತಿಗೆಯ ತಮ್ಮ, ತಿಪ್ಪೇಶ ಇಬ್ಬರೂ ಠಾಣೆಗೆ ಹೋದರು. ತಿಪ್ಪೇಶ ತಲೆ ಚಚ್ಚಿಕೊಂಡು ದೂರು ವಾಪಸು ಪಡೆದ. ಈರಪ್ಪ ತಲೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದ. ಆದರೆ ಅಷ್ಟರಲ್ಲಿ ಅಂಜಿನಮ್ಮನ ಮೇಲೆ ಬೇರೆ ಕೇಸು ಬಿದ್ದಿತ್ತು: ಲಾಠಿ ಕಿತ್ತು ಕಾನ್‌ಸ್ಟೇಬಲ್‌ಗೆ ಹೊಡೆದಳು, ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡಿದಳು. ಜಾಮೀನು ಸುಲಭಕ್ಕೆ ಸಿಗದ ಕೇಸು. ತಪ್ಪೆಂದಾದರೆ ಜೈಲು.

ತರೀಕೆರೆಯಲ್ಲಿ ಸಂಘಮಿತ್ರಾ ಎಂಬ ವಕೀಲೆ ಇದ್ದಾರೆ, ಸಖರಾಯಪಟ್ಟಣದವರು. ಬಂಧಿಸುವ ಮೊದಲೇ ಜಾಮೀನು ಕೊಡಿಸಿದರು. ಅವರ ಆಫೀಸಿನಲ್ಲಿ ನಾನು ಕೂಗಾಡಿದೆ. ತಪ್ಪು ಮನುಷ್ಯನನ್ನು ಹಿಡಿಯೋಕೆ ಬಂದವನಿಗೆ ನಾಲ್ಕು ಬಿಟ್ಟಿದ್ದರೂ ನ್ಯಾಯವೇ, ನಾನಿದ್ದಿದ್ದರೆ ಬಿಡುತ್ತಿದ್ದೆ ಎಂದೆ.

"ಅದುಕ್ಕೇ ನೀನು ಇಲ್ದಿದ್ದೇ ಚೆಂದಾಯ್ತು ಮೈದ್ನ" ಎಂದಳು ಅತ್ತಿಗೆ.

ಸಂಘಮಿತ್ರಾ ನಕ್ಕರು. "ಅಣ್ಣ, ನೀವು ಹೇಳಿದ್ದು ಮಾಡಿದ್ರೆ ಇವರು ಈಗ ಒಳಗಿರ್ತಿದ್ರು. ಕೇಳಿ. ಯೂನಿಫಾರ್ಮಿನವನು ಇದು ನನ್ನ ಕೆಲಸ ಅಂತ ನಂಬಿ ಹಿಡಿಯೋಕೆ ಬಂದ, ಅವನ ಲೆಕ್ಕ ತಪ್ಪಿತ್ತು. ಅಷ್ಟಕ್ಕೇ ಅವನನ್ನ ತಳ್ಳೋ ಹಕ್ಕು ನಿಮಗೆ ಬರಲ್ಲ. ಹೋಗಬೇಕು. ಯಾಕೆ ಹಿಡಿದ್ರಿ ಅಂತ ಕೇಳಬೇಕು, ಮನೆಯವರಿಗೆ ತಿಳಿಸಿ ಅನ್ನಬೇಕು, ಇಪ್ಪತ್ನಾಲ್ಕು ಗಂಟೆಯೊಳಗೆ ಜಡ್ಜ್ ಮುಂದೆ ನಿಲ್ಸಿ ಅನ್ನಬೇಕು. ಜಗಳ ಅಲ್ಲಿ."

"ಮತ್ತೆ ಇವಳು ಹಿಡಿದದ್ದು?"

"ಆ ಏಟಿಗೆ ಪ್ರಾಣ ಹೋದೀತು, ಮೂಳೆ ಮುರಿದೀತು ಅನ್ನೋ ಭಯ ಇದ್ರೆ ಮಾತು ಬೇರೆ. ಆಗ ತಡೀಬಹುದು. ತನ್ನ ಮೈಯನ್ನೂ ತಡ್ಕೊಬಹುದು, ಇನ್ನೊಬ್ಬರ ಮೈಯನ್ನೂ. ಏಟು ನಿಲ್ಲೋಕೆ ಎಷ್ಟು ಬೇಕೋ ಅಷ್ಟೇ. ಇವರು ಅಷ್ಟೇ ಮಾಡಿರೋದು. ಆದ್ರೆ ಅದನ್ನ ಕೋರ್ಟಲ್ಲಿ ತೋರಿಸ್ಬೇಕು, ಅಲ್ಲಿವರೆಗೂ ಇವರು ಆರೋಪಿ."

ನನಗೆ ಈ ಕಾನೂನು ಇವತ್ತಿಗೂ ಗಂಟಲಲ್ಲಿ ಇಳಿಯುವುದಿಲ್ಲ. ಅವನು ತಪ್ಪಾಗಿ ಬಂದರೂ ನಾನು ಸರಿಯಾಗಿ ಜೀಪು ಹತ್ತಬೇಕು. ಆ ನಿಯಮ ಬರೆದವರು ಯಾರೂ ಜೀಪಿನ ಹಿಂದಿನ ಸೀಟಿನಲ್ಲಿ ಕೂತವರಲ್ಲ. ಆದರೆ ಒಂದು ಬಾಗಿಲಾದರೂ ತೆರೆದಿಟ್ಟಿದ್ದಾರೆ, ಅತ್ತಿಗೆ ಏನೂ ಓದದೆ ಆ ಬಾಗಿಲಲ್ಲೇ ನಿಂತಿದ್ದಳು.

ಕೇಸು ನಡೆಯುವಾಗ ಠಾಣೆಯ ಕಡೆಯಿಂದ ರಾಜಿಯ ಮಾತು ಬಂತು. ಹೊತ್ತು ತಂದವನು ತಿಪ್ಪೇಶ. ಪಾಪ, ತನ್ನಿಂದ ಆದದ್ದು ಎಂಬ ಸಂಕಟ ಅವನಿಗೆ.

"ಅಕ್ಕ, ತಪ್ಪಾಯ್ತು, ಸಿಟ್ಟಲ್ಲಿ ಕೈ ಮಾಡ್ದೆ ಅಂತ ಬರಕೊಟ್ರೆ ಸಾಕಂತೆ. ಸಾಕ್ಷಿ ಹೇಳೋರು ಮೆತ್ತಗೆ ಹೇಳ್ತಾರಂತೆ."

"ನಾನು ಕೈ ಮಾಡಿದ್ನಾ?"

"ಮಾಡ್ಲಿಲ್ಲ."

"ಮತ್ತೆ ಯಾತಕ್ಕೆ ಬರೀಲಿ? ನಾನು ತಪ್ಪಾಯ್ತು ಅಂದ್ರೆ ಅವನು ಹೊಡೆದದ್ದು ಸರಿ ಅಂತ ಆಗಲ್ವೇನೋ? ನಾಳೆ ಇನ್ಯಾವನೋ ಕುರಿ ಒಪ್ಪಿಸಕ್ಕೆ ತಿರುಗ್ತಾನೆ. ಅವನ ಹೆಂಡ್ತಿ ಹತ್ರದಾಗೆ ಇರ್ತಾಳೋ ಇಲ್ವೋ."

ತಿಪ್ಪೇಶ ಎದ್ದುಹೋದ. ಬಂದವರು ಅವನೊಬ್ಬನೇ ಅಲ್ಲ. ನಮ್ಮ ನೆಂಟರೇ ಬಂದು ಬಂದು ಹೇಳಿದರು. ಇನ್ನೊಂದು ಬುದ್ಧಿವಾದವೂ ಬಂತು: ಲಾಠಿ ಮುಟ್ಟಲೇ ಇಲ್ಲ ಅಂದುಬಿಡು, ನೋಡಿದವರು ಒಬ್ಬರೇ, ಹನುಮಂತಯ್ಯನವರನ್ನು ಒಪ್ಪಿಸೋಣ. ಅದಕ್ಕೂ ಅವಳು ಬಗ್ಗಲಿಲ್ಲ. ಹಿಡಿದದ್ದನ್ನು ಹಿಡಿಯಲಿಲ್ಲ ಎಂದರೆ ಹಿಡಿಯುವುದೇ ತಪ್ಪು ಎಂದು ತಾನೇ ಒಪ್ಪಿದಂತೆ ಎಂದಳು. ಒಂದೇ ಒಂದು ಸಂಗತಿಯಲ್ಲಿ ಅವಳ ಮಾತು ನಡೆಯಲಿಲ್ಲ. ಏಟು ತಿಂದದ್ದಕ್ಕೆ ಈರಪ್ಪ ದೂರು ಕೊಡಬೇಕಿತ್ತು. "ನಾನು ನಾಳೆ ಯಾವ ತೋಟದಾಗೆ ಮಂದೆ ಹಾಕ್ಲಿ, ಎಲ್ಲಾ ಕಡೇನೂ ಪೊಲೀಸ್ನೋರು ಅವ್ರೆ" ಎಂದು ಅವನು ತಲೆಗೆ ಟವೆಲ್ ಸುತ್ತಿಕೊಂಡು ಕುರಿಗಳ ನಡುವೆ ಹೋಗಿ ಕೂರುತ್ತಿದ್ದ. ಅವಳು ಬಲವಂತ ಮಾಡಲಿಲ್ಲ. ಏಟು ಅವನದು ಎಂದಳು.

ತರೀಕೆರೆ ಕೋರ್ಟಿಗೆ ವಾಯಿದೆ ಬಿದ್ದಾಗಲೆಲ್ಲ ಅವಳು ಅಜ್ಜಂಪುರದ ಬಸ್ಸು ಹಿಡಿದು ಬರುತ್ತಿದ್ದಳು. ಕಾನ್‌ಸ್ಟೇಬಲ್ ಸಾಕ್ಷಿ ಹೇಳಿದ. ಎಲ್ಲಿಗೆ ಹೊಡೆದರು ಎಂದು ಸಂಘಮಿತ್ರಾ ಕೇಳಿದರು. ಭುಜಕ್ಕೆ ಎಂದ. ಯಾವ ಭುಜ ಎಂದರು. ಯೋಚಿಸಿದ. ಯಾವ ಡಾಕ್ಟರಿಗೆ ತೋರಿಸಿದಿರಿ ಎಂದರು. ತೋರಿಸಿರಲಿಲ್ಲ. ಈರಪ್ಪನ ತಲೆಗೆ ಹೊಲಿಗೆ ಹಾಕಿದ ಡಾಕ್ಟರು ಬಂದು ಕಂಡದ್ದನ್ನು ಹೇಳಿದರು. ಹನುಮಂತಯ್ಯನವರು ಕಟಕಟೆ ಹತ್ತಿ, ಹೆಡ್ ಕಾನ್‌ಸ್ಟೇಬಲ್ ಎದುರಿಗೇ ಕೂತಿದ್ದರೂ, ಒಂದು ಮಾತೂ ನುಂಗದೆ ಹೇಳಿದರು.

ಕೊನೆಗೆ ಜಡ್ಜು ಅತ್ತಿಗೆಯನ್ನೇ ಕೇಳಿದರು. ಹೆಂಗಸು ಜಡ್ಜು, ಕನ್ನಡಕದ ಮೇಲಿಂದ ನೋಡುತ್ತಾರೆ.

"ಲಾಠಿ ಹಿಡಿದದ್ದು ನಿಜವೇ?"

ನನ್ನ ಪಕ್ಕದಲ್ಲಿದ್ದ ನೆಂಟನೊಬ್ಬ ಇಲ್ಲ ಅನ್ನು, ಇಲ್ಲ ಅನ್ನು ಎಂದು ಗೊಣಗಿದ. ಅವನ ಕಾಲು ತುಳಿದೆ.

"ಹಿಡ್ದೆ ತಾಯಿ."

"ಯಾಕೆ?"

"ಬುಟ್ಟಿದ್ರೆ ನನ್ ಗಂಡನ ತಲೆ ಒಡೀತಿತ್ತು."

"ಕಾನ್‌ಸ್ಟೇಬಲ್‌ಗೆ ಹೊಡೆದಿರಾ?"

"ಹೊಡೀಬೇಕು ಅಂತಿದ್ರೆ ಕೋಲು ನನ್ ಕೈಗೇ ಬಂದಿತ್ತಲ್ಲ ತಾಯಿ. ಗಂಡನ್ನ ಜೀಪಿಗೆ ಹತ್ತಿಸ್ದೋಳೂ ನಾನೇ. ಕರ್ಕಂಡ್ ಹೋಗೋದು ಅವ್ರ ಕೆಲ್ಸ. ಸಾಯ್ಸೋದು ಅವ್ರ ಕೆಲ್ಸ ಅಲ್ಲ."

ತೀರ್ಪು ಬಂದ ದಿನ ಕೋರ್ಟು ಹಾಲಿನಲ್ಲಿ ಫ್ಯಾನಿನ ಸದ್ದಿಗೆ ಅರ್ಧ ಮಾತು ಕೇಳಿಸಲಿಲ್ಲ, ಸಂಘಮಿತ್ರಾ ಹೊರಗೆ ಬಂದು ಬಿಡಿಸಿ ಹೇಳಿದರು. ತಲೆಗೆ ಬಿದ್ದ ಏಟು, ಮತ್ತೆ ಎತ್ತಿದ ಲಾಠಿ, ಇವನ್ನು ಕಣ್ಣಾರೆ ಕಂಡ ಹೆಂಡತಿಗೆ ಆ ಭಯ ಬಂದದ್ದು ನ್ಯಾಯ. ಅವಳು ತಡೆದದ್ದು ಏಟನ್ನು, ಬಂಧನವನ್ನಲ್ಲ. ಬೇಕಾದ್ದಕ್ಕಿಂತ ಒಂದು ಕೂದಲೂ ಹೆಚ್ಚು ಮಾಡಲಿಲ್ಲ. ಬಿಡುಗಡೆ.

ಕೋರ್ಟಿನ ಎದುರಿನ ಟೀ ಅಂಗಡಿಯಲ್ಲಿ ಕೂತೆವು. ಅತ್ತಿಗೆ ಟೀಗೆ ಬನ್ನು ಅದ್ದಿಕೊಂಡು ತಿನ್ನುತ್ತಿದ್ದಳು. ಆ ಕಾನ್‌ಸ್ಟೇಬಲ್ ನಮ್ಮ ಪಕ್ಕದಲ್ಲೇ ಹಾದುಹೋದವನು ನಿಂತ. ನಾನು ಎದ್ದೆ, ಸಂಘಮಿತ್ರಾ ನನ್ನ ಅಂಗಿ ಹಿಡಿದು ಕೂರಿಸಿದರು.

"ಹೋಗ್ಲಿ ಬಿಡಮ್ಮ" ಎಂದ ಅವನು, ಒಳ್ಳೆಯ ಮಾತೇ ಆಡುವವನಂತೆ. "ನಂದೂ ನಿಂದೂ ಸರಿಹೋಯ್ತು."

ಅತ್ತಿಗೆ ಬಾಯಿ ತೆರೆಯುವ ಮೊದಲೇ ಈರಪ್ಪ ಎದ್ದು ನಿಂತ. ಕೈಯಲ್ಲಿದ್ದ ಲೋಟವನ್ನು ಬೆಂಚಿನ ಮೇಲಿಟ್ಟ. ಟವೆಲ್ ತೆಗೆದು ಕೂದಲು ಸರಿಸಿ, ತಲೆ ಬಗ್ಗಿಸಿ ಕಾನ್‌ಸ್ಟೇಬಲ್‌ಗೆ ತೋರಿಸಿದ.

"ಇದು ಯಾರ್ದು ಸ್ವಾಮಿ? ಇದು ನಂದು. ನಂದು ಇನ್ನೂ ಸರಿಹೋಗಿಲ್ಲ."

ಕಾನ್‌ಸ್ಟೇಬಲ್ ನಗಲು ನೋಡಿದ, ಆಗಲಿಲ್ಲ, ಗೇಟಿನ ಕಡೆ ನಡೆದ. ಈರಪ್ಪ ಟವೆಲನ್ನು ಹೆಗಲಿಗೆ ಹಾಕಿಕೊಂಡ. ಕೂರಲಿಲ್ಲ.

"ಬರಕಳಿ ಲಾಯರಮ್ಮ" ಎಂದ. "ಸಹಿ ನಾನು ಹಾಕ್ತೀನಿ."

ಸಂಘಮಿತ್ರಾ ಅಲ್ಲೇ ಬೆಂಚಿನ ಮೇಲೆ ದೂರು ಬರೆದರು. ಅವನು ಒಂದೊಂದು ಅಕ್ಷರವನ್ನೂ ಒತ್ತಿ ಒತ್ತಿ ಸಹಿ ಹಾಕಿದ. ಅಂಜಿನಮ್ಮ ಉಳಿದ ಬನ್ನನ್ನು ಅವನ ಕೈಗಿಟ್ಟಳು. ಆಮೇಲೆ ನಾವೆಲ್ಲ ಎಸ್ಪಿ ಆಫೀಸಿಗೆ ಹೋಗಲು ಚಿಕ್ಕಮಗಳೂರಿನ ಬಸ್ಸು ಹತ್ತಿದೆವು.