ಮಂಚದ ಮೇಲಿನ ಅಳತೆ

ನಮ್ಮ ಮಹಡಿಯ ಮೆಟ್ಟಿಲು ಇಳಿದರೆ ಎದುರಿಗೇ ಸಿಗುವ ಮನೆ ಅವಳದು. ಬೀದಿಯವರಿಗೆಲ್ಲ ಅವಳು ಲೈನಿಂಗ್ ಅಕ್ಕ. ಮದುವೆಗೆ ಮುಂಚಿನಿಂದಲೂ ಅವಳು ಕೋಟಿನ ಅಂಗಡಿಯೊಂದರಲ್ಲಿ ದುಡಿದವಳು. ಅಲ್ಲಿ ಕತ್ತರಿಸುವವರು ಬೇರೆ, ಹೊಲಿಯುವವರು ಬೇರೆ. ಒಳಗಿನ ರೇಷ್ಮೆ ಲೈನಿಂಗ್ ಕೂರಿಸುವುದು ಮಾತ್ರ ಇವಳ ಪಾಲು. ಜಾರುವ ಬಟ್ಟೆಯನ್ನು ಹದ್ದುಬಸ್ತಿನಲ್ಲಿಡುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಆದರೂ ಕೋಟು ತೊಟ್ಟವರು ಕಟಿಂಗನ್ನು ಹೊಗಳುತ್ತಿದ್ದರೇ ಹೊರತು ಲೈನಿಂಗಿನ ಸುದ್ದಿ ಎತ್ತಿದ್ದಿಲ್ಲ. ಅದಕ್ಕೆ ಅವಳು ಮುಖ ಸಣ್ಣಗೆ ಮಾಡಿಕೊಂಡದ್ದನ್ನು ನಾನು ಕಂಡಿಲ್ಲ. ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ ನಗಬಲ್ಲ ಹೆಂಗಸು ಅವಳು.

ಕೋಟಿನ ಅಂಗಡಿಯ ಯಜಮಾನರ ಕಣ್ಣು ಮಂಜಾಗಿ ಅಂಗಡಿ ಮುಚ್ಚಿತು. ಸುತ್ತಿಟ್ಟು ಉಳಿದಿದ್ದ ರೇಷ್ಮೆ ಬಟ್ಟೆಯ ಥಾನುಗಳನ್ನೂ ಒಂದು ಹಳೆಯ ಮೆಷೀನನ್ನೂ ಅವರು ಇವಳ ಮನೆಗೇ ಕಳಿಸಿಕೊಟ್ಟರು. ಮನೆಯಲ್ಲಿ ಮೂರು ಜನ: ಅವಳು, ಬ್ರೆಡ್ಡಿನ ವ್ಯಾನು ಓಡಿಸುವ ಗಂಡ, ಮಾತಿಗೆ ನಿಂತರೆ ಯಾರಿಗೂ ಸೋಲದ ಅತ್ತೆ. ಥಾನುಗಳು ಮುಂದಿನ ಕೋಣೆಯನ್ನು ಪೂರ್ತಿ ಆಕ್ರಮಿಸಿದವು. ಅತ್ತೆ ಬೇರೆ ದಾರಿಯಿಲ್ಲದೆ ಅವುಗಳ ಮೇಲೇ ಕೂತು, ಕೂತಷ್ಟು ಸಲವೂ ಜಾರಿ ನೆಲಕ್ಕಿಳಿಯುತ್ತಿದ್ದರು. ಇದನ್ನೇನಾದರೂ ಮಾಡು, ಇಲ್ಲವಾದರೆ ನನ್ನ ಸೊಂಟ ಉಳಿಯುವುದಿಲ್ಲ ಎಂದು ಸೊಸೆಗೆ ದಿನವೂ ಹೇಳುತ್ತಿದ್ದರು.

ಗಂಡನದು ನಸುಕಿನ ಕೆಲಸ, ಮಧ್ಯಾಹ್ನ ಮಲಗುವವನು. ನಿದ್ದೆಯಲ್ಲೂ ಗೇರು ಬದಲಿಸುವವನಂತೆ ಕೈಕಾಲು ಆಡಿಸುತ್ತಾನೆ. ಏಳುವ ಹೊತ್ತಿಗೆ ಬನಿಯನ್ ಕುತ್ತಿಗೆಯಲ್ಲಿ, ಪೈಜಾಮ ಮಂಡಿಯ ಮೇಲೆ. ಅವನಿಗೊಂದು ಜೊತೆ ರೇಷ್ಮೆಯ ಮಲಗುವ ಬಟ್ಟೆ ಹೊಲಿದರೆ ಹೇಗೆ ಎಂದು ಅವಳಿಗೆ ಹೊಳೆಯಿತು. ಗೋಡೆಗೆ ಒರಗಿಸಿ ನಿಲ್ಲಿಸಿ ಅಳತೆ ತೆಗೆದಳು, ಒಪ್ಪವಾಗಿ ಹೊಲಿದಳು. ತೊಟ್ಟ ಮೊದಲ ಮಧ್ಯಾಹ್ನವೇ ಅದು ಹಿಂಬದಿಯಲ್ಲಿ ಪರ್ರೆಂದು ಹರಿಯಿತು. ಸದ್ದು ಕೇಳಿ ಬಂದ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅವನೇನು ನಿಂತ್ಕೊಂಡು ನಿದ್ದೆ ಮಾಡ್ತಾನೇನೇ? ಮಲಗಿಸಿ ಅಳತೆ ತಗೋಬೇಕಿತ್ತು."

ತಮಾಷೆಗೆ ಆಡಿದ ಮಾತು ಸೊಸೆಯ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಮರುದಿನ ಗಂಡ ಮಲಗಿದಾಗ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಳು. ಮಗ್ಗುಲಾದಾಗ ಬೆನ್ನು ಎಷ್ಟು ಅಗಲವಾಗುತ್ತದೆ, ಮಂಡಿ ಮಡಿಸಿದರೆ ಬಟ್ಟೆ ಎಷ್ಟು ಮೇಲೆ ಸರಿಯುತ್ತದೆ, ಯಾವ ಹೊಲಿಗೆ ಮೈಗೊತ್ತಿ ಗೆರೆ ಮೂಡಿಸುತ್ತದೆ, ಎಲ್ಲವನ್ನೂ ನೋಡಿದಳು. ಎರಡನೆಯ ಜೊತೆಯಲ್ಲಿ ಹೊಲಿಗೆಯ ಅಂಚೆಲ್ಲ ಹೊರಗೆ, ಒಳಗೆ ಬರೀ ನುಣುಪು. ಅದನ್ನು ತೊಟ್ಟ ಗಂಡ ಕದಲದೆ ಮಲಗಿದ. ಎದ್ದಮೇಲೆ ಬಿಚ್ಚಲೊಪ್ಪದೆ ಹಾಗೆಯೇ ಬೀದಿಗಿಳಿದು ಕಸದ ಬುಟ್ಟಿ ಖಾಲಿ ಮಾಡಿ ಬಂದ.

ಎದುರು ಸಾಲಿನ ಕ್ಷೌರಿಕ ಅದನ್ನು ನೋಡಿದ. ತೋಳನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದ. ನನಗೂ ಒಂದು ಬೇಕು ಎಂದ. ಹೀಗೆ ಅವಳ ವ್ಯಾಪಾರ ಶುರುವಾಯಿತು. ಕ್ಷೌರದ ಕುರ್ಚಿಯಲ್ಲಿ ಕೂತವರು ಎಲ್ಲಿಗೂ ಎದ್ದು ಹೋಗುವಂತಿಲ್ಲವಲ್ಲ. ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು, ಬಂದರು. ಮುಂದಿನ ಕೋಣೆಯಲ್ಲಿ ಮಂಚ ಬಿತ್ತು, ಪರದೆ ಬಂತು. ಗಂಡಸರ ಅಳತೆಗೆ ಅತ್ತೆಯೇ ಟೇಪು ಹಿಡಿದರು. ಮಗ್ಗುಲಾಗಿ ಎಂದರೆ ಮಗ್ಗುಲಾಗಬೇಕು. ಅವರೆದುರು ಯಾರ ಆಟವೂ ನಡೆಯುತ್ತಿರಲಿಲ್ಲ.

ಅಷ್ಟರಲ್ಲಿ ಕ್ಷೌರಿಕ, ಹೊಲಿಸಿಕೊಂಡ ರೇಷ್ಮೆ ತೊಟ್ಟೇ, ಮುಖ ಊದಿಸಿಕೊಂಡು ಬಂದ.

"ಅಕ್ಕ, ಮಂಚದಿಂದ ಜಾರಿ ಬಿದ್ದೆ. ನನ್ನ ಹೆಂಡತಿ ಇನ್ನೂ ನಗು ನಿಲ್ಲಿಸಿಲ್ಲ."

ಇವನ ಬಾಯಿಂದ ಹಬ್ಬಿದ ವ್ಯಾಪಾರ ಇವನ ಬಾಯಿಂದಲೇ ಮುಳುಗೀತು ಎಂದು ಅವಳು ಹೆದರಿದಳು. ಅತ್ತೆ ಮಾತ್ರ ಗಂಭೀರವಾಗಿ, ಹೇಗೆ ಜಾರಿದೆ ಮಾಡಿ ತೋರಿಸು ಎಂದರು. ಪಾಪ, ಅವನು ರೇಷ್ಮೆ ಹರಡಿದ್ದ ಮಂಚ ಹತ್ತಿ ಮಲಗಿ, ಮೊದಲು ಕಾಲು, ಆಮೇಲೆ ಸೊಂಟ ಎಂದು ವಿವರಿಸುತ್ತಾ ನಿಜವಾಗಿಯೂ ಮತ್ತೊಮ್ಮೆ ಜಾರಿ ಕೆಳಗೆ ಕೂತ. ಮೂವರೂ ನಕ್ಕು ನಕ್ಕು ಸುಸ್ತಾದರು. ಅವನ ಮನೆಯ ಹಾಸಿಗೆಯ ಹೊದಿಕೆಯೂ ನುಣುಪಿನದು. ನುಣುಪಿಗೆ ನುಣುಪು ಸೇರಿ ಹೀಗಾಗಿತ್ತು. ಅವಳು ಅಂಗಿಯ ಬೆನ್ನಿನ ಕೆಳಭಾಗಕ್ಕೆ ಹೊರಗಡೆಯಿಂದ ಮೆದುವಾದ ಹತ್ತಿಯ ಪಟ್ಟಿಯೊಂದನ್ನು ಹೊಂದಿಸಿ ಹೊಲಿದಳು. ಆಮೇಲೆ ಅವನು ಬಿದ್ದ ವರದಿ ಬಂದಿಲ್ಲ. ಅಂದಿನಿಂದ ಗಿರಾಕಿ ಯಾವುದರ ಮೇಲೆ ಮಲಗುತ್ತಾರೆಂದು ಕೇಳದೆ ಅವಳು ಕತ್ತರಿ ಎತ್ತುವುದಿಲ್ಲ.

ಬಂದವರಲ್ಲಿ ನನಗೆ ಮರೆಯಲಾಗದವರು ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ. ಬೂದು ಬಣ್ಣ ಬಿಟ್ಟು ಬೇರೆ ಉಟ್ಟದ್ದನ್ನು ಯಾರೂ ನೋಡಿಲ್ಲ. ಅವರು ಥಾನುಗಳ ಮುಂದೆ ಬಹಳ ಹೊತ್ತು ನಿಂತು, ಹಣ್ಣಾದ ಕಿತ್ತಳೆಯ ಬಣ್ಣದ ರೇಷ್ಮೆಯ ಮೇಲೆ ಕೈಯಿಟ್ಟರು. ಮಂಚದ ಮೇಲೆ ಅಡಿಪಟ್ಟಿಯಂತೆ ನೆಟ್ಟಗೆ ಮಲಗಿದರು. ನಿದ್ದೆಯಲ್ಲಿ ಯಾವ ಕಡೆ ಹೊರಳುತ್ತೀರಿ ಎಂದು ಲೈನಿಂಗ್ ಅಕ್ಕ ಕೇಳಿದಳು.

"ಗೊತ್ತಿಲ್ಲಮ್ಮ. ಯಾರೂ ನೋಡಿಲ್ಲ."

ಹಾಗಾದರೆ ಎರಡೂ ಕಡೆ ಸಡಿಲ ಬಿಡ್ತೀನಿ, ನಿಮಗಿಷ್ಟ ಬಂದ ಕಡೆ ಹೊರಳಿ ಎಂದಳು. ಬಟ್ಟೆ ಒಯ್ದ ಮರುದಿನ ಅವರು ಶಾಲೆಗೆ ತಡವಾಗಿ ಹೋದರಂತೆ. ಆ ಶಾಲೆಯಲ್ಲಿ ಹಾಗಾದದ್ದು ಅದೇ ಮೊದಲು, ಹುಡುಗಿಯರು ಸಂಭ್ರಮಪಟ್ಟರಂತೆ. ಅವರು ಇನ್ನೊಂದು ಜೊತೆಗೆ ಬಂದಾಗ ಎಡಕ್ಕೆ ಹೊರಳುತ್ತೇನೆ ಎಂದು ತಾವಾಗಿಯೇ ತಿಳಿಸಿದರು.

ಬಣ್ಣದ ವಿಷಯದಲ್ಲಿ ಎಲ್ಲರೂ ಹೀಗೆಯೇ. ಹಗಲಿಗೆ ಧೈರ್ಯವಾಗದ್ದನ್ನು ಹಾಸಿಗೆಗೆ ಕೇಳುತ್ತಾರೆ. ನಾನೂ ಒಂದು ಹೊಲಿಸಿಕೊಂಡೆ. ಬಣ್ಣ ಯಾವುದೆಂದು ಹೇಳುವುದಿಲ್ಲ.

ಈಗ ಪಕ್ಕದ ಮನೆಯ ಎರಡು ಕೋಣೆಗಳೂ ಅವಳವೇ. ಮೂರು ಮೆಷೀನು, ಇಬ್ಬರು ಹೊಲಿಗೆಯವರು. ಕಟಿಂಗ್ ಮಾತ್ರ ಅವಳದೇ ಕೈ. ಮೊನ್ನೆ ಕೆಳಗಿಳಿದಾಗ ಬಾಗಿಲು ತೆರೆದಿತ್ತು. ನಿವೃತ್ತ ಗಡಿಯಾರ ರಿಪೇರಿಯವರೂ ಅವರ ಹೆಂಡತಿಯೂ ಬಂದಿದ್ದರು. ಇವರು ಕಂಬಳಿ ಎಳೀತಾರೆ ಎಂದು ಆಕೆ, ಎಳೆಯುವವಳು ಅವಳೇ ಎಂದು ಇವರು. ಜಗಳ ತೀರದೆ ಅತ್ತೆ ಇಬ್ಬರನ್ನೂ ಒಟ್ಟಿಗೇ ಮಲಗಿಸಿದರು. ಮಲಗಿದ್ದೇ ತಡ, ಮುದುಕರ ಕೈ ತಾನಾಗಿ ಹೋಗಿ ಹೆಂಡತಿಯ ಮುಂಗೈ ಹಿಡಿಯಿತು. ಆಕೆ ಬಿಡಿಸಿಕೊಳ್ಳಲಿಲ್ಲ.

"ಆ ಕೈ ಹಾಗೇ ಇರ್ಲಿ," ಎಂದಳು ಲೈನಿಂಗ್ ಅಕ್ಕ. "ತೋಳಿನುದ್ದ ಹಾಗೇ ತಗೋತೀನಿ."

ಅವಳು ಅತ್ತೆಯ ಕೈಯಿಂದ ಟೇಪು ತೆಗೆದುಕೊಂಡು ಮಂಡಿಯೂರಿ ಕೂತು, ಅದನ್ನು ಮುದುಕರ ಭುಜದಿಂದ ಮುಂಗೈವರೆಗೆ ಎಳೆದಳು.