ಹುಣಸೆಹಣ್ಣಿನಲ್ಲಿ ಉಜ್ಜಿದ ಪದಕ

ಶುಕ್ರವಾರ ಮಗಳು ಸ್ಕೂಲ್ ಬಸ್ಸು ಹತ್ತಿದ ಮೇಲೆ ದೇವರ ಸಾಮಾನು ಉಜ್ಜುವುದು ನನ್ನ ರೂಢಿ. ಊರು ಬಿಟ್ಟು ಪರದೇಶದ ಈ ಕೆನ್ಮೋರ್‌ಗೆ ಬಂದ ಮೇಲೂ ಅದು ತಪ್ಪಿಲ್ಲ. ಅಂದೂ ಹುಣಸೆಹಣ್ಣು ನೆನೆಹಾಕಿ ದೀಪ, ಗಂಟೆ, ಪಂಚಪಾತ್ರೆಗಳನ್ನು ಸಿಂಕಿನ ಪಕ್ಕ ಇಟ್ಟುಕೊಂಡೆ. ಅಲ್ಲೇ, ಮಗಳ ಹಾಲಿನ ಲೋಟದ ಹತ್ತಿರ, ಆ ಪದಕವೂ ಇತ್ತು.

ಅದು ಪಕ್ಕದ ಮನೆಯ ಜರ್ಮನ್ ಅಜ್ಜಿಯದು. ಮಗಳ ಸ್ಕೂಲಿನ ಪ್ರಾಜೆಕ್ಟಿಗೆ ಚಿತ್ರ ಬರೆದುಕೊಳ್ಳಲು ಕೊಟ್ಟಿದ್ದರು, ಸಂಜೆ ಹಿಂದಿರುಗಿಸಬೇಕಿತ್ತು. ಅಂಗೈಯಲ್ಲಿ ಕೂರುವಷ್ಟು ದೊಡ್ಡ ಕಬ್ಬಿಣದ ಬಿಲ್ಲೆ, ಕಾಡಿಗೆಯಂಥ ಕಪ್ಪು. ಒಂದು ಮುಖದಲ್ಲಿ ಮಂಡಿಯೂರಿ ಒಡವೆ ನೀಡುತ್ತಿರುವ ಹೆಂಗಸು, ಜೊತೆಗೆ 1916 ಎಂಬ ಇಸವಿ. ನಮ್ಮ ಕಾನ್ವೆಂಟಿನ ಚಾಪೆಲ್ಲಿನಲ್ಲಿ ಸಿಸ್ಟರುಗಳು ಹೀಗೇ ಮಂಡಿಯೂರುತ್ತಿದ್ದರು. ಹಿಂಬದಿಯಲ್ಲಿ ಓಕ್ ಎಲೆ, ಎರಡು ಸಾಲು ಜರ್ಮನ್ ಬರಹ; ಮಗಳು ಹೇಳಿದ ಅರ್ಥ: ರಕ್ಷಣೆಗೆ ಚಿನ್ನ ಕೊಟ್ಟೆ, ಗೌರವಕ್ಕೆ ಕಬ್ಬಿಣ ಪಡೆದೆ.

ಮೊದಲ ಮಹಾಯುದ್ಧದಲ್ಲಿ ಸರ್ಕಾರಕ್ಕೆ ಚಿನ್ನ ಬೇಕಾದಾಗ ಅಜ್ಜಿಯ ಮುತ್ತಜ್ಜಿ ಕತ್ತಿನ ಸರ ಬಿಚ್ಚಿಕೊಟ್ಟು ಇದನ್ನು ಪಡೆದಳಂತೆ. ಅದಕ್ಕೂ ನೂರು ವರ್ಷ ಹಿಂದಿನ ಇನ್ನೊಂದು ಯುದ್ಧದಲ್ಲೂ ಅಲ್ಲಿನ ಹೆಂಗಸರು ಹೀಗೇ ಚಿನ್ನ ಕೊಟ್ಟು ಕಬ್ಬಿಣ ತೊಟ್ಟಿದ್ದರಂತೆ. ಹಿಂದಿನ ದಿನ ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳುವಾಗ ಮಗಳ ಕಣ್ಣು ಹೊಳೆಯುತ್ತಿತ್ತು. ನನ್ನಮ್ಮ ನನ್ನ ಕಾನ್ವೆಂಟ್ ಫೀಸಿಗೆ ಎರಡು ಬಳೆ ಮಾರಿದ್ದನ್ನು ನಾನೂ ಹೇಳಲು ಶುರುಮಾಡಿದೆ.

"ಯೂ ಟೋಲ್ಡ್ ಮಿ ದಿಸ್, ಅಮ್ಮಾ," ಎಂದು ಅನ್ನಕ್ಕೆ ಮೊಸರು ಹಾಕಿಕೊಂಡಳು.

ಬಸ್ಸಿಳಿದವಳು ದಿನಾ ಮೊದಲು ಹೋಗುವುದು ಆ ಮನೆಗೆ. ಅಡುಗೆಮನೆಯ ಕಿಟಕಿಯಿಂದ ಎರಡು ತಲೆಗಳು ಅಜ್ಜಿಯ ಹಳೇ ಸಾಮಾನಿನ ಡಬ್ಬಿಯ ಮೇಲೆ ಬಾಗಿರುವುದು ಕಾಣುತ್ತದೆ, ಒಂದು ಬೆಳ್ಳಗೆ, ಒಂದು ನಾನು ಹೆಣೆದ ಜಡೆಯದು.

ಪದಕವನ್ನು ಹುಣಸೆಹಣ್ಣಿನಲ್ಲಿ ಅದ್ದಿದೆ. ಕೊಳೆ ತೆಗೆಯುತ್ತಿದ್ದೇನೆ ಎಂದುಕೊಂಡೆ. ಆದರೆ ದೀಪಕ್ಕೂ ಹಾಕದಷ್ಟು ಬಲ ಹಾಕಿ ಉಜ್ಜಿದೆ. ಕಪ್ಪು ನೀರು ಇಳಿಯಿತು. ಹಿತ್ತಾಳೆಯಾದರೆ ಬೆಳಗುತ್ತದೆ; ಇದು ಹಳೇ ತವಾದ ಹಾಗೆ ಬೂದಿಬಣ್ಣಕ್ಕೆ ತಿರುಗಿತು. ಆ ಕಪ್ಪೇ ಅದರ ಬಣ್ಣವಾಗಿತ್ತು. ತುಕ್ಕು ಹಿಡಿಯದಿರಲೆಂದು, ತವಾಕ್ಕೆ ಸವರುವಂತೆ, ತೆಂಗಿನೆಣ್ಣೆ ಸವರಿದೆ.

ಮಗಳು ಬಂದು ನೋಡಿದಳು. ಅಳಲಿಲ್ಲ. "ನೀನೇ ಹೇಳು ಅವ್ರಿಗೆ," ಎಂದಳು. ಕನ್ನಡದಲ್ಲಿ ಹೇಳಿದ್ದರಿಂದ ಇನ್ನೂ ಹೆದರಿಕೆಯಾಯಿತು.

ಸಂಜೆ ಇಬ್ಬರೂ ಹೋದೆವು. "ನಾನೇ ಉಜ್ಜಿದ್ದು," ಎಂದು ಇಂಗ್ಲಿಷಿನಲ್ಲಿ ಹೇಳಿದೆ. 'ಗೊತ್ತಿಲ್ಲದೆ' ಎಂದು ಸೇರಿಸಲು ನಾಲಗೆ ಏಳಲಿಲ್ಲ.

ಅಜ್ಜಿ ಪದಕವನ್ನು ಬೆಳಕಿಗೆ ಹಿಡಿದು, ಮೂಸಿ ನೋಡಿದರು. "ಕಪ್ಪು ಹೋಯ್ತು. ಇನ್ನು ಬರಲ್ಲ," ಎಂದರು. ನನ್ನ ಕಡೆ ನೋಡದೆ ಅದನ್ನು ಡಬ್ಬಿಗೆ ಹಾಕಿದರು. ಮಗಳು ಅವರ ಬೆಕ್ಕನ್ನು ಎತ್ತಿಕೊಂಡು ಒಳಕೋಣೆಗೆ ಹೋದಳು.

ನಾನು ಚಪ್ಪಲಿ ಮೆಟ್ಟುತ್ತಿದ್ದೆ. ಡಬ್ಬಿಯ ಮುಚ್ಚಳ ಒತ್ತುತ್ತ ಅಜ್ಜಿ ಹೇಳಿದರು: "ನಿಮ್ಮ ತಾಯಿ ಎರಡು ಬಳೆ ಮಾರಿದ್ರಂತಲ್ಲ, ನಿಮ್ಮ ಸ್ಕೂಲಿಗೆ. ಈ ಡಬ್ಬಿ ತೆಗೆದಾಗಲೆಲ್ಲ ನಿಮ್ಮ ಹುಡುಗಿ ಅದನ್ನೇ ಹೇಳ್ತಾಳೆ. ನನಗಂತೂ ಕೇಳಿ ಕೇಳಿ ಸಾಕಾಗಿದೆ."