ತೆಲುಗಿನಲ್ಲಿ ಉಂಡ ನಾಯಿ

ಮೊದಲ ಮೋಸ ಬಣ್ಣದ ವಿಷಯದಲ್ಲಿ ಆಯಿತು. ಹನ್ನೊಂದು ವರ್ಷದ ಹಿಂದೆ ತೋಟದ ಬೇವಿನ ಬುಡಕ್ಕೊಂದು ನಾಗರಕಲ್ಲು ಬೇಕೆಂದು ಶಿವಾರಪಟ್ಟಣಕ್ಕೆ ಹೋಗಿದ್ದೆ. ಶಿಲ್ಪಿಯ ಚಪ್ಪರದಡಿ, ಅರ್ಧ ಮೂಡಿದ ಗಣಪತಿಯ ಕಾಲ ಬಳಿ, ಬಿಳೀ ನಾಯಿಮರಿಯೊಂದು ಮಲಗಿತ್ತು. ಕಲ್ಲಿನ ಜೊತೆ ಅದನ್ನೂ ನಮ್ಮೂರು ವಕ್ಕಲೇರಿಗೆ ತಂದೆ. ಸ್ನಾನ ಮಾಡಿಸಿದಾಗ ಬಿಳಿಯೆಲ್ಲ ಕಲ್ಲಿನ ಪುಡಿಯಾಗಿ ಬಚ್ಚಲಿಗೆ ಹರಿದು, ಹಳೇ ಬೆಲ್ಲದ ಬಣ್ಣದ ಸಾಧಾರಣ ನಾಯಿಯೊಂದು ಉಳಿಯಿತು. ಎಚ್ಚರಗೊಳ್ಳಲು ಅದು ಸಾಕಿತ್ತು. ನಾನು ಎಚ್ಚರಗೊಳ್ಳಲಿಲ್ಲ.

ನಾನು ಪ್ರೈಮರಿ ಶಾಲೆಯ ಮೇಷ್ಟ್ರಾಗಿ ನಿವೃತ್ತನಾದವನು. ನಾಯಿಯ ನಿಯತ್ತಿನ ಮೇಲೆ ಮಕ್ಕಳಿಂದ ಪ್ರಬಂಧ ಬರೆಸಿಯೇ ಕೂದಲು ನೆರೆದದ್ದು. ಶಿಸ್ತಿಗೆ ಒಳಪಡಿಸಲು ಶಾಲೆಯಿಲ್ಲದ ಹೊತ್ತಿನಲ್ಲಿ ಈ ಒಬ್ಬ ವಿದ್ಯಾರ್ಥಿ ದೊರೆತ. ಮರಿಗೆ ಹಸುವಿನ ಹಾಲು ಕೊಟ್ಟರೆ ಭೇದಿಯಾಗುತ್ತದೆ ಎಂದು ಕೋಲಾರದ ಪಶುವೈದ್ಯರು ಹೇಳಿದರು. ಊರೆಲ್ಲ ಡೈರಿ ಕ್ಯಾನು ಹೊತ್ತು ಓಡಾಡುವಾಗ ನಾನು ನಾಯಿಮರಿಗಳಿಗೆಂದೇ ಪ್ಯಾಕೆಟ್ಟಿನಲ್ಲಿ ಬರುವ ಒಣ ಆಹಾರದ ಕಾಳನ್ನು ಬಿಸಿನೀರಲ್ಲಿ ನೆನೆಸಿ ದಿನಕ್ಕೆ ನಾಲ್ಕು ಸಲ ಬಡಿಸಿದೆ. ಅಡುಗೆಮನೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ವೇಳಾಪಟ್ಟಿ ಬರೆದೆ. ವರ್ಷ ತುಂಬಿದಾಗ ನಾಯಿಯನ್ನು ವಿಧಿವತ್ತಾಗಿ ದೊಡ್ಡವರ ಆಹಾರಕ್ಕೆ ತೇರ್ಗಡೆ ಮಾಡಿದೆ. ಹೊಟ್ಟೆ ಕೆಡದಿರಲೆಂದು ವಾರವಿಡೀ ಹಳೆಯದಕ್ಕೆ ಹೊಸದನ್ನು ಬೆರೆಸುತ್ತ, ದಿನಕ್ಕೆ ಎರಡೇ ಹೊತ್ತಿಗೆ ಇಳಿಸಿದೆ. ಎಂಟು ತುಂಬಿದಾಗ ಹಿರಿಯ ನಾಯಿಗಳ ತರಗತಿ. ಹೊತ್ತಿಗೆ ಅರ್ಧ ಲೋಟ.

"ನನ್ಗೂ ಒಂದು ಚಾರ್ಟ್ ಬರೀರಿ, ವಯಸ್ಸಾಯ್ತಲ್ಲ" ಎಂದಳು ಹೆಂಡತಿ.

ನಾಯಿ ಎಂದೂ ಆತುರದಿಂದ ತಿನ್ನಲಿಲ್ಲ. ನಾಲ್ಕು ಕಾಳು ಕಡಿದು, ಉಳಿದದ್ದನ್ನು ಯೋಚನೆಗೆ ಬಿಟ್ಟು ಹೊರಟುಬಿಡುತ್ತಿತ್ತು. ಅದನ್ನು ನಾನು ಸಂಯಮವೆಂದು ತಿಳಿದೆ.

ಪಕ್ಕದ ಹಿಪ್ಪುನೇರಳೆ ತೋಟದವನು ನನ್ನ ಬಾಲ್ಯದ ಗೆಳೆಯ. ಒಂದೇ ಬೆಂಚಿನಲ್ಲಿ ಕೂತು ಒಂದೇ ಬೆತ್ತದಲ್ಲಿ ಹೊಡೆಸಿಕೊಂಡವರು. ಅವನ ಮನೆಮಾತು ತೆಲುಗು. ಹಸುವಿಗೂ ರೇಷ್ಮೆ ಹುಳುವಿಗೂ ಅದರಲ್ಲೇ ಬೈಗುಳ. ಸಂಜೆ ನಮ್ಮ ಜಗಲಿಗೆ ಬಂದು, ಹೆಂಡತಿ ಕೊಟ್ಟ ಕಾಫಿ ಕುಡಿದು, ನಾಯಿಯ ಬೆನ್ನು ಸವರುತ್ತಿದ್ದ.

"ಎಂಥಾ ಮೈಕಾಂತಿ ನೋಡ್ಲಾ ಮೇಷ್ಟ್ರೇ! ಎಲ್ಲಾ ನಿನ್ನ ಚಾರ್ಟಿನ ಮಹಿಮೆ."

ನಾನು ವಿನಯದಿಂದ ತಲೆ ತಗ್ಗಿಸುತ್ತಿದ್ದೆ. ಆ ಮೈಕಾಂತಿಯ ಆಧಾರದ ಮೇಲೆ ಊರಿನ ಎರಡು ಮನೆಯವರು ತಮ್ಮ ನಾಯಿಗಳಿಗೆ ಮುದ್ದೆ ನಿಲ್ಲಿಸಿದರು. ಆ ನಾಯಿಗಳು ಮಾತ್ರ ಬಡಕಲಾಗುತ್ತ ಹೋದವು. ಪಾಲನೆಯಲ್ಲಿ ಶ್ರದ್ಧೆ ಸಾಲದು ಎಂದು ಅವರಿಗೆ ತಿಳಿಹೇಳಿದೆ.

ಕಳೆದ ಚಳಿಗಾಲದಲ್ಲಿ ನಾಯಿ ಬಿಂದಿಗೆಗಟ್ಟಲೆ ನೀರು ಕುಡಿಯತೊಡಗಿತು, ಕಣ್ಣು ಮಂಕಾಯಿತು. ಕೋಲಾರಕ್ಕೆ ಕರೆದೊಯ್ದೆ. ಮೇಜಿನ ಮೇಲೆ ಅದನ್ನು ಕೂರಿಸಲು "ಕೂತ್ಕೋ, ಕೂತ್ಕೋ" ಎಂದು ಬೇಡಿಕೊಂಡೆ. ಹನ್ನೊಂದು ವರ್ಷದಿಂದ ಕಲಿಸುತ್ತಿದ್ದ ಪಾಠ. ಅದು ಗೋಡೆ ನೋಡುತ್ತ ನಿಂತಿತು. ಮುಳಬಾಗಿಲು ಕಡೆಯ ಕಾಂಪೌಂಡರು ಸೂಜಿ ಹಿಡಿದು ಬಂದು, ಅಭ್ಯಾಸಬಲದಿಂದ, "ಕೂಚೋರಾ ನಾಯನಾ" ಅಂದ.

ನಾಯಿ ತಕ್ಷಣ ಕೂತಿತು.

"ತೆಲುಗು ನಾಯಿನಾ ಸಾರ್ ಇದು?" ಎಂದ ಆತ.

"ಅಚ್ಚ ಕನ್ನಡದ್ದು" ಎಂದೆ. ಧ್ವನಿಯಲ್ಲಿ ಬಲವಿರಲಿಲ್ಲ.

ರಕ್ತದ ವರದಿ ನೋಡಿದ ಡಾಕ್ಟರು, "ಕಿಡ್ನಿ ಸೋಲ್ತಾ ಇದೆ. ಮನೇಲಿ ಬೇರೇನು ತಿನ್ನುತ್ತೆ?" ಎಂದರು.

"ಏನೂ ಇಲ್ಲ. ಹೊತ್ತಿಗೆ ಅರ್ಧ ಲೋಟ."

"ಅರ್ಧ ಲೋಟಕ್ಕೆ ಈ ಮೈ ಬರಲ್ಲ ಸಾರ್. ಎಲ್ಲೋ ಊಟ ಆಗ್ತಿದೆ. ಉಪ್ಪು, ಒಣಮೀನು, ಮೂಳೆ ಇನ್ಮೇಲೆ ಮುಟ್ಟಿಸ್ಬೇಡಿ. ಹೀಗೇ ಬಿಟ್ರೆ ಬೇಸಿಗೆ ದಾಟಲ್ಲ." ಕಿಡ್ನಿ ಸೋತ ನಾಯಿಗಳಿಗೆಂದೇ ಇರುವ ಬೇರೆ ಕಾಳನ್ನು ಬರೆದುಕೊಟ್ಟರು.

ಮರುದಿನ ಬೆಳಿಗ್ಗೆ, ಸಂಯಮದ ನಾಲ್ಕು ಕಾಳು ಮುಗಿಸಿ ಹೊರಟ ನಾಯಿಯ ಹಿಂದೆಯೇ ಹೊರಟೆ. ಅದು ಹಿಪ್ಪುನೇರಳೆ ಸಾಲಿನೊಳಗೆ ನುಗ್ಗಿ, ಹುಳು ಮನೆಯ ಹಿತ್ತಿಲಿಗೆ ಹೋಯಿತು. ಅಲ್ಲಿ ನನ್ನ ಗೆಳೆಯ ಕುಕ್ಕರುಗಾಲಲ್ಲಿ ಕೂತು, ಸೊಟ್ಟ ಅಲ್ಯೂಮಿನಿಯಂ ತಟ್ಟೆಯಲ್ಲಿ ಮುದ್ದೆ ಮುರಿದು ಒಣಮೀನಿನ ಸಾರಲ್ಲಿ ಕಲೆಸುತ್ತಿದ್ದ.

"ತಿನ್ರಾ ನಾಯನಾ. ಆ ಮೇಷ್ಟ್ರು ಹಾಕೋ ಗುಂಡಿ ತಿಂದ್ರೆ ಜೀವ ನಿಲ್ಲುತ್ತಾ?" ಎಂದು ತೆಲುಗು ಬೆರೆಸಿ ಉಪಚಾರ. ಷರ್ಟಿನ ಗುಂಡಿಯಂಥ ನನ್ನ ಕಾಳಿನ ಪ್ರಸ್ತಾಪ ಅದು. ನಾಯಿಯ ಬಾಲ ನಮ್ಮ ಮನೆಯಲ್ಲಿ ಎಂದೂ ಅಷ್ಟು ಆಡಿದ್ದಿಲ್ಲ.

"ಯಾವಾಗಿಂದ?" ಎಂದೆ.

ಅವನು ಬೆಚ್ಚಿದ. ಆಮೇಲೆ, ಸುಳ್ಳು ಹೇಳುವಷ್ಟೂ ಗೌರವ ಕೊಡದೆ, "ಮರಿಯಾಗಿದ್ದಾಗಿಂದ ಕಣೋ. ಹಸ್ಕೊಂಡ್ ಬರ್ತಿತ್ತು. ಅನ್ನ ತಾನೇ ಹಾಕಿದ್ದು, ವಿಷ ಅಲ್ವಲ್ಲ?" ಎಂದ.

"ಸಂಜೆ ಸಂಜೆ ಬಂದು ಚಾರ್ಟು ಹೊಗಳ್ತಿದ್ದೆಯಲ್ಲೋ!"

"ನಿನ್ಗೆ ಬೇಜಾರಾಗ್ಬಾರ್ದು ಅಂತ."

ಮರಿಯ ಕಾಳು, ದೊಡ್ಡವರ ಕಾಳು, ಹಿರಿಯರ ಕಾಳು: ಮೂರು ತರಗತಿಯಲ್ಲೂ ನನ್ನ ವಿದ್ಯಾರ್ಥಿ ಹಾಜರಿ ಹಾಕಿ ಬೇರೆ ಶಾಲೆಯಲ್ಲಿ ಓದಿದ್ದ. ವೈದ್ಯರ ಮಾತನ್ನು ಗೆಳೆಯನಿಗೆ ಹೇಳಿ, ಅವನ ಮುಖ ಬಿಳುಚಿದ್ದನ್ನು ತೃಪ್ತಿಯಿಂದ ನೋಡಿ, ನಾಯಿಯನ್ನು ಎಳೆದು ತಂದು ಕಟ್ಟಿಹಾಕಿದೆ.

ಹೊಸ ಕಾಳನ್ನು ನೆನೆಸಿ ಮೆತ್ತಗೆ ಮಾಡಿ ಮುಂದಿಟ್ಟೆ. ಮುಟ್ಟಲಿಲ್ಲ. ಕೈಯಲ್ಲಿ ಹಿಡಿದರೆ ಮುಖ ತಿರುಗಿಸಿತು. ಎರಡನೆಯ ದಿನ ಬಾಗಿಲು ಮುಚ್ಚಿಕೊಂಡು, ಹೆಂಡತಿಗೂ ಕೇಳದ ಹಾಗೆ, ತೆಲುಗಿನಲ್ಲಿ ಕರೆದೆ. ನನ್ನ ಉಚ್ಚಾರಣೆ ಅದಕ್ಕೆ ಒಪ್ಪಿಗೆಯಾಗಲಿಲ್ಲ. ಮೂರನೆಯ ದಿನ ಏಳಲೂ ಇಲ್ಲ, ಪಕ್ಕೆ ಎಣಿಸುವಂತಾಗಿತ್ತು.

"ಮಾನ ದೊಡ್ಡದೋ, ನಾಯಿ ದೊಡ್ಡದೋ?" ಎಂದು ಕೇಳಿ ಹೆಂಡತಿ ಒಳಗೆ ಹೋದಳು.

ನಾಲ್ಕನೆಯ ಬೆಳಿಗ್ಗೆ ನಾಯಿಯನ್ನು ತೋಳಲ್ಲಿ ಹೊತ್ತು, ಹೊಸ ಕಾಳಿನ ಡಬ್ಬಿಯಿದ್ದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹಿಪ್ಪುನೇರಳೆ ಸಾಲು ದಾಟಿದೆ. ಗೆಳೆಯ ಡಬ್ಬಿ ಇಸಿದುಕೊಂಡು ಅದೇ ಸೊಟ್ಟ ತಟ್ಟೆಗೆ ಸುರಿದು, ಬೆರಳಲ್ಲಿ ಕಲೆಸಿ, "ತಿನ್ರಾ ನಾಯನಾ" ಎಂದ. ನಾಯಿ ಅವನ ಮುಖ ನೋಡಿತು, ತಟ್ಟೆ ಮೂಸಿತು, ತಿಂದಿತು. ಪೂರ್ತಿ. ನನ್ನ ಕಡೆ ತಿರುಗಲಿಲ್ಲ.

ನಾಯಿ ಬೇಸಿಗೆ ದಾಟಿದೆ. ಈಗಲೂ ದಿನಾ ಎರಡು ಹೊತ್ತು ಅಳತೆ ಮಾಡಿದ ಡಬ್ಬಿ ಒಯ್ಯುತ್ತೇನೆ, ಬಡಿಸುವುದು ಅವನು. ಸಂಜೆಯ ಕಾಫಿ ನಿಂತಿದೆ. ಒಣಮೀನು ಮುಟ್ಟಿಸಿಲ್ಲವೆಂದು ಅವನು ಆಣೆ ಮಾಡುತ್ತಾನೆ. ಆ ಬಾಯಿ ಹನ್ನೊಂದು ವರ್ಷ ನನ್ನ ಚಾರ್ಟನ್ನು ಹೊಗಳಿದ ಬಾಯಿ. ಆದ್ದರಿಂದ ತಟ್ಟೆ ಖಾಲಿಯಾದ ಮೇಲೆ ಅದನ್ನೆತ್ತಿ ಮೂಗಿಗೆ ಹಿಡಿದು ಪರೀಕ್ಷಿಸಿಯೇ ಹೊರಡುತ್ತೇನೆ.

"ಮೇಷ್ಟ್ರೇ, ನಾಯೀನೂ ನಿನ್ನಷ್ಟು ಮೂಸಲ್ಲ ಕಣೋ" ಎನ್ನುತ್ತಾನೆ.

ನಾನು ಇನ್ನೊಮ್ಮೆ ಮೂಸುತ್ತೇನೆ.